ಸ್ಕ್ಯಾನರ್ ಭಾವ

ಸಾಗರ ಸೀಮೆಯ ಮದುವೆಮನೆಯಲ್ಲಿ ಊಟವಾದ ಮೇಲೆ ಗಂಡಸರ ಕೈ ಕವಳದ ಸಂಚಿಗೆ ಹೋಗುತ್ತದೆ. ನಮ್ಮ ಭಾವನ ಕೈ ಹೋಗುವುದು ಜೇಬಿನಲ್ಲಿರುವ ನೀಲಿ ಡಬ್ಬಿಗೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದನ್ನು ಹಿಡಿದು ಅಂಗಳದ ಕಾರುಗಳ ನಡುವೆ ಸುತ್ತುತ್ತ, ‘ಯಾರದ್ದಾದ್ರೂ ಲೈಟು ಹತ್ತಿದ್ಯನ್ರೋ?’ ಎಂದು ಕೇಳುತ್ತಾನೆ. ಉಚಿತ ನೇತ್ರ ಶಿಬಿರದವರಿಗೂ ರೋಗಿಗಳ ಮೇಲೆ ಇಷ್ಟು ಅಕ್ಕರೆ ಇರುವುದಿಲ್ಲ.

ಲೈಟೆಂದರೆ ಡ್ಯಾಶ್‌ಬೋರ್ಡಿನಲ್ಲಿ ಹೊತ್ತುವ ಹಳದಿ ಇಂಜಿನ್ ಚಿತ್ರ. ಹತ್ತಿದೆ ಎಂದಿರೋ, ಪಂಚೆ ಎತ್ತಿ ಕಟ್ಟಿ ಸ್ಟೀರಿಂಗ್ ಕೆಳಗೆ ತಲೆ ತೂರಿಸುತ್ತಾನೆ. ಅಲ್ಲಿನ 16 ಪಿನ್ನಿನ ಕಿಂಡಿಗೆ ಆ ಸ್ಕ್ಯಾನರ್ ಡಬ್ಬಿ ಸಿಕ್ಕಿಸಿ, ಮೊಬೈಲಿಗೆ ಬ್ಲೂಟೂತ್ ಸಿಗುವ ತನಕ ಉಪನ್ಯಾಸ: ‘ಅಮೆರಿಕದಲ್ಲಿ ಈ ಕಿಂಡಿ 1996ರಿಂದ್ಲೇ ಕಡ್ಡಾಯ. ನಮ್ಮಲ್ಲಿ ಓಬಿಡಿ-2 ಅಂತ ಬಂದಿದ್ದು 2013ಕ್ಕೆ.’ ಒಮ್ಮೆ ಹೊಸನಗರದ ನೆಂಟರ ಹಳೇ ಜೀಪಿನಡಿ ಅರ್ಧ ಗಂಟೆ ಕಿಂಡಿ ಹುಡುಕಿ, ತಲೆತುಂಬ ಜೇಡರಬಲೆ ಹೊತ್ತು ಎದ್ದಿದ್ದ. ‘ಕೆಮ್ಮೋದು ಊರಿಗೇ ಕೇಳ್ತದೆ, ಕಿಂಡಿ ಎಂತಕ್ಕೆ ಮಾರಾಯಾ?’ ಎಂದರು ಜೀಪಿನವರು.

ಅವನ ಜೊತೆ ಪ್ರಯಾಣ ಬೇರೆಯೇ. ಹುಲಿಕಲ್ ಘಾಟಿ ಹತ್ತುವಾಗ ಹಿಂದಿನ ಸೀಟಿನವರು ದೇವರನ್ನು ನೆನೆದರೆ, ಇವನು ಮೊಬೈಲು ನೋಡಿ ‘ಕೂಲೆಂಟ್ 92’ ಎನ್ನುತ್ತಾನೆ. ಆಗುಂಬೆಯಲ್ಲಿ ಜನ ಸೂರ್ಯ ಮುಳುಗುವುದನ್ನು ನೋಡಿದರೆ, ಇವನು ಬ್ಯಾಟರಿ ವೋಲ್ಟೇಜು ಇಳಿಯುವುದನ್ನು ನೋಡುತ್ತಾನೆ.

ಟ್ಯೂನಿಂಗ್ ಅವನ ಮಹತ್ವಾಕಾಂಕ್ಷೆ. ಲ್ಯಾಪ್‌ಟಾಪಿನಿಂದ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, ಅದರೊಳಗಿನ ಲೆಕ್ಕ ತಿದ್ದಿದರೆ ತನ್ನ ಡೀಸೆಲ್ ಕಾರು ಚಿರತೆಯಾಗುತ್ತದಂತೆ. ಆದರೆ ಬರೆಯುವಾಗ ನಡುವೆ ವೋಲ್ಟೇಜು ಕುಸಿದರೆ ಇಸಿಯು ಇಟ್ಟಿಗೆ. ಬ್ಯಾಟರಿಗೆ ಚಾರ್ಜರ್ ಹಚ್ಚಿಟ್ಟುಕೊಳ್ಳೋಣವೆಂದರೆ ಮಳೆಗಾಲದಲ್ಲಿ ಮನೆಯಲ್ಲಿ ಕರೆಂಟಿರಬೇಕಲ್ಲ! ‘ಆರಿದ್ರೆ ಮುಗೀಲಿ’ ಎಂದ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಮಳೆ ಹೋಗುವಷ್ಟರಲ್ಲಿ ಅಡಿಕೆ ಕೊಯ್ಲು. ಹೀಗೆ ಆ ಕಾರು ನಾಲ್ಕು ವರ್ಷದಿಂದ ಬದುಕಿ ಉಳಿದಿದೆ.

ನನ್ನ ಕಾರು ಅಷ್ಟು ಪುಣ್ಯ ಮಾಡಿರಲಿಲ್ಲ. ತೀರ್ಥಹಳ್ಳಿಯ ಒಂದು ಉಪನಯನದಲ್ಲಿ ಲೈಟು ಹತ್ತಿತು. ಭಾವ ಡಬ್ಬಿ ಚುಚ್ಚಿ, ಕವಡೆ ಹಾಕಿದವರಂತೆ ಕಣ್ಣು ಮುಚ್ಚಿ ತೆರೆದು ಘೋಷಿಸಿದ: ‘ಪಿ-0301. ಒಂದನೇ ಸಿಲಿಂಡರ್ ಮಿಸ್‌ಫೈರ್. ಪ್ಲಗ್ಗು.’ ಬಳಿಕ ‘ಕ್ಲಿಯರ್’ ಒತ್ತಿದ. ದೃಷ್ಟಿ ನಿವಾಳಿಸಿದಂತೆ ಲೈಟು ಆರಿತು. ಸುತ್ತ ನಿಂತವರು ತಲೆದೂಗಿದರು. ಹೊಸನಗರ ದಾಟುವಷ್ಟರಲ್ಲಿ ಮತ್ತೆ ಹತ್ತಿತು. ಪ್ಲಗ್ ಬದಲಾಯಿಸಿದೆ. ಹತ್ತಿತು. ‘ಹಂಗಾದ್ರೆ ಇಗ್ನಿಷನ್ ಕಾಯಿಲ್ಲೇ’ ಎಂದ ಫೋನಿನಲ್ಲಿ. ಅದನ್ನೂ ಬದಲಾಯಿಸಿದೆ. ಹತ್ತಿತು.

ಕೊನೆಗೆ ಸಾಗರದ ಮೆಕ್ಯಾನಿಕ್ ಮೊದಲು ಬೈದದ್ದು ಕ್ಲಿಯರ್ ಒತ್ತಿದ್ದಕ್ಕೆ. ಲೈಟು ಹತ್ತಿದ ಗಳಿಗೆಯಲ್ಲಿ ಇಂಜಿನ್ನಿನ ಬಿಸಿ ಎಷ್ಟು, ವೇಗ ಎಷ್ಟು ಎಂದು ಕಾರು ಬರೆದಿಟ್ಟುಕೊಂಡದ್ದೂ ಅದರ ಜೊತೆಗೇ ಅಳಿಸಿಹೋಗುತ್ತದಂತೆ. ಆಮೇಲೆ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಎರಡು ಬೆರಳಲ್ಲಿ ಏನನ್ನೋ ಹೆಕ್ಕಿ ನನ್ನ ಅಂಗೈಗೆ ಹಾಕಿದ. ಅರ್ಧ ತಿಂದ ಹಲಸಿನ ಬೇಳೆ. ಪಕ್ಕದಲ್ಲೇ ಕಾಯಿಲಿನ ವೈರು, ಇಲಿ ಕಡಿದು ತಾಮ್ರ ಹಲ್ಲು ಕಿರಿಯುತ್ತಿತ್ತು.

‘ಒಂದನೇ ಸಿಲಿಂಡರ್ ಸರಿ ಉರೀತಿಲ್ಲ ಅಂತಷ್ಟೇ ಡಬ್ಬಿ ಹೇಳಿದ್ದು. ಪ್ಲಗ್ಗು ಅಂದಿದ್ದು ನಿಮ್ಮ ಭಾವ’ ಎಂದ.

ಭಾವನಿಗೆ ಹೇಳಿದೆ. ಅವನು ಸ್ವಲ್ಪವೂ ಕುಗ್ಗದೆ, ಜೇಬಿನ ಪುಸ್ತಕ ತೆಗೆದು ‘ಪಿ-0301: ಇಲಿ’ ಎಂದು ಬರೆದುಕೊಂಡ. ಕಳೆದ ತಿಂಗಳು ಇನ್ನೊಬ್ಬರ ಕಾರಿನಲ್ಲಿ ಅದೇ ಕೋಡು ಬಂತಂತೆ. ಇಡೀ ಮಧ್ಯಾಹ್ನ ಬಾನೆಟ್ಟಿನೊಳಗೆ ಹಲಸಿನ ಬೇಳೆ ಹುಡುಕಿದನಂತೆ.

ಅಲ್ಲಿ ಹೋಗಿದ್ದು ಪ್ಲಗ್ಗು.