ಪಿಯಿಂದ ಕದಲದ ಗೇರು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಂಜೆ ಹೊತ್ತು ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅದು ಪೂರ್ವಜನ್ಮದ ಪುಣ್ಯ. ಸಿಕ್ಕ ಜಾಗ ಬಿಟ್ಟು ಹೊರಡಲು ಕಾರೇ ಒಪ್ಪದಿದ್ದರೆ ಅದು ಯಾವ ಜನ್ಮದ್ದೋ, ಯಾವ ಜ್ಯೋತಿಷಿಯೂ ಹೇಳಿಲ್ಲ. ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರಿಗೆ ಈ ಯೋಗ ಎಂದಾದರೂ ಕೂಡಿಬರಬಹುದು. ಕೀ ತಿರುಗಿಸಿದರೆ ಎಂಜಿನ್ ಶುರುವಾಗುತ್ತದೆ, ಏಸಿ ತಣ್ಣಗೆ ಬೀಸುತ್ತದೆ, ರೇಡಿಯೊ ಹಾಡುತ್ತದೆ. ಗೇರು ಮಾತ್ರ ‘ಪಿ’ಯಲ್ಲಿ, ಅಂದರೆ ಪಾರ್ಕಿನಲ್ಲಿ, ಕೂತದ್ದು ಕೂತೇ ಇರುತ್ತದೆ.

ನನ್ನ ಕಾರು ಹೀಗೆ ಹಟ ಹಿಡಿದಾಗ ಮೊದಲು ಧಾವಿಸಿದವರು ಪರೋಪಕಾರಿಯೇನಲ್ಲ. ನನ್ನ ಜಾಗಕ್ಕಾಗಿ ಇಂಡಿಕೇಟರ್ ಹಾಕಿಕೊಂಡು ಕಾಯುತ್ತಿದ್ದವರು. ಮೊದಲು ಕೈಸನ್ನೆ ಮಾಡಿದರು, ಆಮೇಲೆ ಹಾರ್ನ್ ಮಾಡಿದರು, ಕೊನೆಗೆ ಇಳಿದೇ ಬಂದರು. ಅಷ್ಟರಲ್ಲಿ ಜನ ಸೇರಿತು. ಆಟೊದವರೊಬ್ಬರು ಇಳಿಯದೆ ತೀರ್ಪು ಕೊಟ್ಟರು: “ಗೇರ್ ಬಾಕ್ಸ್ ಹೋಯ್ತು ಸಾರ್, ಇಳಿಸ್ಬೇಕು.” ವಾಕಿಂಗ್ ಹೊರಟ ಹಿರಿಯರು, “ತಳ್ಳಿ ನೋಡಿ, ನಮ್ಮ ಪದ್ಮಿನಿ ಹಾಗೇ ಹೊರಡ್ತಿತ್ತು” ಎಂದರು. ಹೂವಿನವಳಿಗೆ ಇದ್ದದ್ದು ಒಂದೇ ಅನುಮಾನ: “ಆಯುಧಪೂಜೆಗೆ ಕುಂಬಳಕಾಯಿ ಒಡೆದಿದ್ರಾ?” ಎಎಂಟಿ ಕಾರಿನ ಯಜಮಾನರೊಬ್ಬರು ಬಗ್ಗಿ ನೋಡಿ, “ಪಿ ಅಂತ ಬೇರೆ ಇದೆಯಾ? ನಮ್ಮದರಲ್ಲಿ ಇಲ್ವಲ್ಲ!” ಎಂದು ಬೀಗಿದರು. ಅವರ ಮಾತು ಸರಿ. 2014ರಲ್ಲಿ ಮಾರುತಿ ಸೆಲೆರಿಯೊ ಜತೆ ಬಂದ ಆ ಅಗ್ಗದ ಆಟೊಮ್ಯಾಟಿಕ್ಕಿನಲ್ಲಿ ಪಿ ಇಲ್ಲವೇ ಇಲ್ಲ.

ಪಿ ಇರುವ ಕಾರನ್ನು ಬನಶಂಕರಿ ಜಾತ್ರೆಯ ಜನವೆಲ್ಲ ಸೇರಿ ತಳ್ಳಿದರೂ ಪ್ರಯೋಜನವಿಲ್ಲ. ಗೇರ್ ಬಾಕ್ಸಿನೊಳಗೆ ಒಂದು ಹಲ್ಲುಚಕ್ರ, ಅದರ ಹಲ್ಲಿನ ನಡುವೆ ಬಾಗಿಲಿಗೆ ಅಗಳಿ ಹಾಕಿದಂತೆ ಬಂದು ಕೂರುವ ಉಕ್ಕಿನ ತುಂಡು. ಗೇರಿನ ಬುಡದಲ್ಲಿ ಇನ್ನೊಂದು ಬೀಗವಿದೆ, ವಿದ್ಯುತ್ತಿನದು. ಬ್ರೇಕ್ ತುಳಿದರೆ ಪೆಡಲಿನ ಮೇಲಿರುವ ಪುಟ್ಟ ಸ್ವಿಚ್ ಹಿಂದಿನ ಕೆಂಪು ದೀಪಕ್ಕೂ ಈ ಬೀಗಕ್ಕೂ ಸುದ್ದಿ ಮುಟ್ಟಿಸುತ್ತದೆ. ಬೀಗ ತೆಗೆಯುವ ವಿದ್ಯುತ್ಕಾಂತ, ಅಂದರೆ ಸೊಲೆನಾಯ್ಡ್, ‘ಟಿಕ್’ ಅಂದರೆ ದಾರಿ ಬಿಟ್ಟಿತು ಎಂದರ್ಥ.

ಚಾಲಕನ ಕಾಲಿನ ಮೇಲೆ ಕಾರಿಗೆ ಇಷ್ಟೊಂದು ಅಪನಂಬಿಕೆ ಏಕೆ? ಇದಕ್ಕೊಂದು ಹಳೇ ಕಥೆಯಿದೆ. 1986ರ ನವೆಂಬರಿನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮ, ಆಡಿ 5000 ಕಾರು ತಾನಾಗಿಯೇ ನುಗ್ಗುತ್ತದೆ ಎಂಬ ದೂರುಗಳನ್ನು ದೇಶಕ್ಕೆಲ್ಲ ತೋರಿಸಿತು. 1985ರಲ್ಲಿ ಅಲ್ಲಿ ಸುಮಾರು 74,000 ಕಾರು ಮಾರಿದ್ದ ಆಡಿ, 1991ರ ಹೊತ್ತಿಗೆ ಸುಮಾರು 12,000ಕ್ಕೆ ಇಳಿಯಿತು. 1989ರಲ್ಲಿ ಸರ್ಕಾರಿ ತನಿಖೆ ಮುಗಿದಾಗ ತಿಳಿದದ್ದು, ಬಹುಪಾಲು ಪ್ರಕರಣಗಳಲ್ಲಿ ಜನ ಬ್ರೇಕ್ ಎಂದುಕೊಂಡು ತುಳಿದದ್ದು ಆಕ್ಸಿಲರೇಟರನ್ನೇ ಎಂದು. ಅಷ್ಟರಲ್ಲಿ ಆಡಿ, ಬ್ರೇಕ್ ತುಳಿಯದೆ ಪಿ ಬಿಡದಂಥ ಬೀಗ ಕೂರಿಸಿಯಾಗಿತ್ತು. ಅಮೆರಿಕದಲ್ಲಿ 2010ರ ಸೆಪ್ಟೆಂಬರಿನಿಂದ ಅದು ಕಡ್ಡಾಯ. ಯಾರೋ ಅಲ್ಲಿ ತಪ್ಪು ಪೆಡಲ್ ಒತ್ತಿದ್ದಕ್ಕೆ ಇಲ್ಲಿ ಜಯನಗರದಲ್ಲಿ ನಾವು ಕೂತಿರಬೇಕು.

ಅಂದು ರೋಗ ಹಿಡಿದವರು ಅದೇ ಇಂಡಿಕೇಟರ್ ಮಹಾಶಯರು. ಜಾಗದ ಆಸೆ ಮನುಷ್ಯನಿಗೆ ಎಂಥ ಏಕಾಗ್ರತೆ ಕೊಡುತ್ತದೋ! “ಬ್ರೇಕ್ ಒತ್ತಿ ಸಾರ್” ಎಂದು ಕಾರಿನ ಹಿಂದೆ ನಿಂತರು. ಮುಚ್ಚಿದ ಅಂಗಡಿಯ ಷಟರ್ ಮೇಲೆ ಕೆಂಪು ಬೆಳಕು ಬೀಳಬೇಕಿತ್ತು. ಬೀಳಲಿಲ್ಲ. “ದೀಪಾನೇ ಬರ್ತಿಲ್ಲ, ಸ್ವಿಚ್ ಹೋಗಿದೆ.”

ನಿಜಕ್ಕೂ ಪರೀಕ್ಷೆ ಇಷ್ಟೇ. ಬ್ರೇಕ್ ದೀಪ ಹತ್ತದಿದ್ದರೆ ಮೊದಲ ಅನುಮಾನ ಸ್ವಿಚ್ಚಿನ ಮೇಲೆ, ಇಲ್ಲವೇ ಫ್ಯೂಸಿನ ಮೇಲೆ. ದೀಪ ಹತ್ತಿಯೂ ‘ಟಿಕ್’ ಕೇಳದಿದ್ದರೆ ಸೊಲೆನಾಯ್ಡ್ ಅಥವಾ ಅದರ ತಂತಿ. ಎಲ್ಲವೂ ಮಂಕಾಗಿದ್ದರೆ ಬ್ಯಾಟರಿ. ಕೆಲವು ಕಾರುಗಳಲ್ಲಿ ಇದೂ ಸ್ವಿಚ್ಚಿನ ಬುಡಕ್ಕೇ ಬರುತ್ತದೆ: ಪೆಡಲ್ ಬಂದು ತಾಗುವ ಬಟನ್ ಗಾತ್ರದ ಪ್ಲಾಸ್ಟಿಕ್ ಬಿರಡೆ ಹಳತಾಗಿ ಪುಡಿಪುಡಿಯಾಗುತ್ತದೆ, ಬ್ರೇಕ್ ದೀಪ ರಾತ್ರಿಯಿಡೀ ಉರಿಯುತ್ತದೆ, ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ, ಗೇರು ಪಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಮ್ಯಾಟಿನ ಮೇಲೆ ಬಿದ್ದ ಚೂರುಗಳನ್ನು ಮಕ್ಕಳು ತಿಂದ ಚಕ್ಕುಲಿಯದೆಂದು ಗುಡಿಸಿ ಎಸೆದುಬಿಡುತ್ತೇವೆ. ಇನ್ನು ಗೇರಿನ ಸಂದಿಗೆ ಬಿದ್ದ ಚಿಲ್ಲರೆ, ಪಾರ್ಸೆಲ್ ತಂದು ಚೆಲ್ಲಿದ ಫಿಲ್ಟರ್ ಕಾಫಿ ಇವುಗಳ ಉಪದ್ವ್ಯಾಪ ಬೇರೆ.

ಕುಮಾರಸ್ವಾಮಿ ಬಡಾವಣೆಯ ಇಳಿಜಾರಿನಲ್ಲಿ ಮನೆ ಇರುವವರ ಕಷ್ಟ ಇದಲ್ಲ. ಅಲ್ಲಿ ಕಾರಿನ ಭಾರವೆಲ್ಲ ಆ ಉಕ್ಕಿನ ತುಂಡಿನ ಮೇಲೆ ಬಿದ್ದು ಅದು ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ಎಳೆದರೆ ‘ಧಡ್’ ಎಂದು ಬೀದಿಗೆಲ್ಲ ಕೇಳಿಸುತ್ತದೆ. ನಿಲ್ಲಿಸುವಾಗ ಬ್ರೇಕ್ ತುಳಿದೇ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಮೆಲ್ಲಗೆ ಕಾಲು ಸಡಿಲಿಸಿ ಭಾರ ಅದರ ಮೇಲೆ ಕೂತಮೇಲೆ ಪಿಗೆ ಹಾಕಿದರೆ ಈ ರಗಳೆಯಿಲ್ಲ.

ವಿದ್ಯುತ್ತಿನ ಬೀಗ ಬಿಡದಿದ್ದಾಗ ನೆರವಾಗಲೆಂದೇ ಗೇರಿನ ಪಕ್ಕ ಉಗುರಿನಗಲದ ಮುಚ್ಚಳವೊಂದು ಅನೇಕ ಕಾರುಗಳಲ್ಲಿ ಇರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ತುಳಿದು, ಅದರೊಳಗೆ ಕೀ ತುದಿಯನ್ನೋ ಸ್ಕ್ರೂಡ್ರೈವರನ್ನೋ ಒತ್ತಿದರೆ ಗೇರು ಜರುಗುತ್ತದೆ. ಅಂದು ನಾನು ಜಾಗ ಖಾಲಿ ಮಾಡಿಕೊಟ್ಟದ್ದು ಹೀಗೇ. ಆದರೆ ಗೇರು ಬಿತ್ತೆಂದು ಸಿಲ್ಕ್ ಬೋರ್ಡ್ ಕಡೆ ಹೊರಟುಬಿಡಬೇಡಿ. ಸ್ವಿಚ್ ಸತ್ತ ಕಾರು ಬ್ರೇಕ್ ಹಾಕಿದ್ದು ಹಿಂದಿನ ಬಿಎಂಟಿಸಿ ಬಸ್ಸಿಗೆ ಗೊತ್ತಾಗುವುದಿಲ್ಲ. ಪಕ್ಕಕ್ಕೆ ಹಾಕಿ ಮೆಕ್ಯಾನಿಕ್ಕನ್ನು ಕರೆಸಿ. ಬಂದವನು ಗೇರ್ ಬಾಕ್ಸ್ ಇಳಿಸುವ ಮಾತಿನಿಂದಲೇ ಶುರು ಮಾಡಿದರೆ, “ಮೊದಲು ಬ್ರೇಕ್ ಸ್ವಿಚ್ ನೋಡಪ್ಪಾ” ಎನ್ನಿ.