ವಿತ್ ಮೀಮಾಂಸೆ: ಅರ್ಥ, ಮೂಲ, ಸತ್ಪ್ರಯೋಗ

ಆಂಗ್ಲಭಾಷೆಯ ಪ್ರಿಪೊಸಿಷನ್ನುಗಳಲ್ಲಿ 'ವಿತ್'ನಷ್ಟು ನಂಬಲನರ್ಹವಾದದ್ದು ಇನ್ನೊಂದಿಲ್ಲ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ.

ಮೊದಲಿಗೆ ಪೂರ್ವಪಕ್ಷ. ಸ್ವದೇಶಿ ಪಂಥದ ಪಂಡಿತರ ಪ್ರಕಾರ ಇದು ಅಪ್ಪಟ ಸಂಸ್ಕೃತ. ವೇದದ ಜೊತೆಗಿರುವವನು ವೇದವಿತ್, ಶಾಸ್ತ್ರದ ಜೊತೆಗಿರುವವನು ಶಾಸ್ತ್ರವಿತ್. ಸದಾ ಜೊತೆಗಿರಬೇಕಾದದ್ದು ವಿತ್ತ, ಅದಿಲ್ಲದವನು ವಿತೌಟ್. ವಾದ ಸೊಗಸಾಗಿದೆ. ನಿಜವಲ್ಲ ಎಂಬುದೊಂದೇ ಅದರ ದೋಷ. ಅಷ್ಟಕ್ಕೆಲ್ಲ ಸಿದ್ಧಾಂತವನ್ನು ಕೈಬಿಡುವ ರೂಢಿ ನಮ್ಮ ವಿದ್ವತ್ ವಲಯದಲ್ಲಿ ಇಲ್ಲವಾದರೂ ಈ ಲೇಖಕ ಕೈಬಿಟ್ಟಿದ್ದಾನೆ.

ಇನ್ನು ಸಿದ್ಧಾಂತ. ಹಳೆಯ ಇಂಗ್ಲಿಷಿನಲ್ಲಿ ವಿತ್ ಎಂದರೆ 'ವಿರುದ್ಧ'. ನಗಬೇಡಿ, ಇದು ಮಾತ್ರ ನಿಜ. 'ಜೊತೆ' ಎನ್ನಲು 'ಮಿಡ್' ಎಂಬ ಸಾಧು ಪದವೊಂದಿತ್ತು. ಜರ್ಮನರ 'ಮಿಟ್' ಅದರ ದಾಯಾದಿ. ಮಧ್ಯಕಾಲೀನ ಇಂಗ್ಲಿಷಿನ ಹೊತ್ತಿಗೆ ವಿತ್ ಬಂದು ಮಿಡ್ಡನ್ನು ಹೊರಗೆ ಹಾಕಿ, ಅದರ ಅರ್ಥವನ್ನೂ ಮನೆಯನ್ನೂ ತನ್ನ ಹೆಸರಿಗೆ ಬರೆಸಿಕೊಂಡಿತು. ಪಾಪದ ಮಿಡ್ ಇಂದು ಮಿಡ್‌ವೈಫ್ ಎಂಬ ಪದದೊಳಗೆ ತಲೆಮರೆಸಿಕೊಂಡಿದೆ: ಹೆರುವವಳ ಜೊತೆಗಿರುವ ಹೆಂಗಸು. ವಿತ್‌ನ ಪೂರ್ವಾಶ್ರಮದ ಸೊಕ್ಕನ್ನು ನೋಡಬೇಕಿದ್ದರೆ ವಿತ್‌ಸ್ಟ್ಯಾಂಡ್ ಎಂಬಲ್ಲಿ ನೋಡಬೇಕು. ಎದುರಿಗೆ ನಿಲ್ಲುವುದೇ ಅದರ ಅರ್ಥ, ಜೊತೆಗೆ ನಿಲ್ಲುವುದಲ್ಲ. ವಿರೋಧಿಯಾಗಿದ್ದದ್ದು ಜೊತೆಗಾರನಾಗಲು ಇಂಗ್ಲಿಷಿಗೆ ಶತಮಾನಗಳೇ ಹಿಡಿದವು. ನಮ್ಮ ಶಾಸಕರಿಗೆ ಒಂದು ರೆಸಾರ್ಟ್ ಸಾಕು.

ಹಳೆಯ ಚಾಳಿ ಪೂರ್ತಿ ಹೋಗಿಲ್ಲ. ಬ್ರಿಟನ್ನು ಫ್ರಾನ್ಸ್ 'ವಿತ್' ಹೋರಾಡಿತು ಎಂದರೆ 1815ರಲ್ಲಿ ಒಂದರ್ಥ, 1914ರಲ್ಲಿ ತದ್ವಿರುದ್ಧ ಅರ್ಥ. ಇಸವಿ ಗೊತ್ತಿಲ್ಲದವನಿಗೆ ವ್ಯಾಕರಣವೂ ಗೊತ್ತಾಗದು.

ಕನ್ನಡದಲ್ಲಿ ಸಾಧನಕ್ಕೆ 'ಇಂದ', ಸಂಗಾತಕ್ಕೆ 'ಒಡನೆ'. ಹಲಸಿನ ಹಣ್ಣನ್ನು ಚಾಕುವಿನಿಂದ ಕೊಯ್ಯುತ್ತೇವೆ, ಚಿಕ್ಕಪ್ಪನೊಡನೆ ಕೊಯ್ಯುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ವಿತ್. ಅಲ್ಲಿ ಚಿಕ್ಕಪ್ಪನೂ ಚಾಕುವಿನ ಜಾತಿಗೇ ಸೇರುತ್ತಾನೆ. (ಕೆಲವು ಚಿಕ್ಕಪ್ಪಂದಿರ ವಿಷಯದಲ್ಲಿ ಇಂಗ್ಲಿಷೇ ಸರಿ.)

ವಿತೌಟ್ ಮೂಲದಲ್ಲಿ 'ಹೊರಗೆ' ಎಂಬರ್ಥದ್ದು, ವಿತಿನ್‌ನ ಎದುರಾಳಿ. ಕರ್ನಾಟಕ ಅದಕ್ಕೆ ನಾಮಪದದ ಪದವಿ ಕೊಟ್ಟು ಗೌರವಿಸಿದೆ. ಹೋಟೆಲಿನಲ್ಲಿ 'ಎರಡು ಕಾಫಿ, ಒಂದು ವಿತೌಟ್' ಎಂದರೆ ಸಕ್ಕರೆ ಅಧ್ಯಾಹಾರ; ಬಸ್ಸಿನಲ್ಲಿ ಟಿಕೆಟ್ ಅಧ್ಯಾಹಾರ. 'ವಿತೌಟ್ ಕುಡಿದು ವಿತೌಟಿನಲ್ಲಿ ಬಂದ' ಎಂಬುದು ವ್ಯಾಕರಣಶುದ್ಧ ಕನ್ನಡ ವಾಕ್ಯ. ಹಳಗನ್ನಡದ ವೈಯಾಕರಣ ಕೇಶಿರಾಜ ಇದನ್ನು ಕೇಳದೆ ಹೋದದ್ದು ಅವನ ಪುಣ್ಯ.

ಕೊನೆಯದು, ತೀರಾ ಅಪಾಯಕಾರಿಯಾದದ್ದು: ಮದುವೆಗೆ ಕರೆಯುವವರ 'ವಿತ್ ಫ್ಯಾಮಿಲಿ ಬನ್ನಿ'. 'ಸಹ' ಎಂಬರ್ಥದ ಪದ ಬಂದಾಗ ಅಪ್ರಧಾನರಾದವರಿಗೆ ತೃತೀಯಾ ವಿಭಕ್ತಿ ಎಂದು ಪಾಣಿನಿ ವಿಧಿಸಿದ್ದಾನೆ. ಅಂದರೆ ಕರೆಸಿಕೊಂಡವನು ಪ್ರಧಾನ, ಫ್ಯಾಮಿಲಿ ಅಪ್ರಧಾನ. ಇದನ್ನು ಯಾವ ಮನೆಯಲ್ಲಾದರೂ ಗಟ್ಟಿಯಾಗಿ ಓದಿ ನೋಡಬಹುದು. ಹಳೆಯ ಇಂಗ್ಲಿಷಿನ ಅರ್ಥ ಹಿಡಿದರೋ, 'ಮನೆಯವರನ್ನು ಎದುರು ಹಾಕಿಕೊಂಡು ಬನ್ನಿ' ಎಂದಾಗುತ್ತದೆ. ಮುಹೂರ್ತದ ದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಬಹುತೇಕ ಮನೆಗಳಲ್ಲಿ ನಡೆಯುವುದೂ ಅದೇ. ಮೇಲಾಗಿ ಫ್ಯಾಮಿಲಿಯ ಎಲ್ಲೆ ಯಾವ ಶಾಸ್ತ್ರದಲ್ಲೂ ಗೊತ್ತುಮಾಡಿಲ್ಲ. ಅತ್ತಿಗೆಯ ತಮ್ಮ, ಅವನ ರೂಂಮೇಟು, ಎಲ್ಲರೂ ವಿತ್‌ನೊಳಗೆ ಹಿಡಿಸುತ್ತಾರೆ. ಆದ್ದರಿಂದ ಮದುವೆಗೆ ಕರೆಯುವವರಲ್ಲಿ ಒಂದು ವಿನಂತಿ: ಪ್ರಿಪೊಸಿಷನ್ ಬಿಟ್ಟು ತಲೆ ಎಣಿಸಿ ಕರೆಯಿರಿ, ಅಡುಗೆ ಭಟ್ಟರಿಗೂ ಅದೇ ಸಂಖ್ಯೆ ಹೇಳಿ.