ಸ್ಯಾಂಟ್ರೋ ಸಂತನಾದದ್ದು

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಬೀದಿಯ ಹುಡುಗನೊಬ್ಬ ಸಿಕ್ಸರ್ ಹೊಡೆದ. ಚೆಂಡು ನನ್ನ ಕಾರಿನ ಹಿಂಭಾಗಕ್ಕೆ ಬಡಿದು ಚರಂಡಿ ಸೇರಿತು. ಹುಡುಗರು ಮೊದಲು ಚರಂಡಿಯತ್ತ ಓಡಿದರು, ಆಮೇಲೆ ಕಾರಿನತ್ತ ನೋಡಿದರು, ಕೊನೆಗೆ ನನ್ನನ್ನು ಕಂಡು ಬ್ಯಾಟು ವಿಕೆಟ್ಟು ಸಮೇತ ಮಾಯವಾದರು. ಡಿಕ್ಕಿ ಬಾಗಿಲಿನ ಮೇಲೆ ಬೆಳ್ಳಿ ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಯಾಂಟ್ರೋ’ ಎಂದಿತ್ತಲ್ಲ, ಅದರ ಕೊನೆಯ ಎರಡಕ್ಷರ ಮುರಿದು ನೆಲದ ಮೇಲೆ ಬಿದ್ದಿದ್ದವು.

“ಆರ್‌ಓ ಹೋಯ್ತು ಕಣೇ!” ಎಂದು ಕೂಗಿದೆ.

ಹೆಂಡತಿ ಅಡುಗೆಮನೆಗೆ ಓಡಿದಳು. ಅಲ್ಲಿ ಗೋಡೆಗೆ ಹಾಕಿಸಿದ ನೀರಿನ ಫಿಲ್ಟರು ತನ್ನ ಪಾಡಿಗೆ ತಾನು ಗೊಟಗೊಟ ಎನ್ನುತ್ತಿತ್ತು. “ಚೆನ್ನಾಗೇ ಇದೆಯಲ್ರೀ, ಸುಮ್ಮನೆ ಎದೆ ಒಡೆಸ್ತೀರ” ಎಂದು ಬೈಯುತ್ತ ಹೊರಗೆ ಬಂದವಳು, ನನ್ನ ಅಂಗೈಯಲ್ಲಿದ್ದ ಎರಡಕ್ಷರ ನೋಡಿ “ಓ, ಇದಾ” ಎಂದು ಒಗ್ಗರಣೆಗೆ ಮರಳಿದಳು. ಹದಿನಾರು ವರ್ಷದ ಕಾರಿಗೆ ಸಿಗುವ ಸಹಾನುಭೂತಿ ಇಷ್ಟೇ.

ಉಳಿದದ್ದನ್ನು ಓದಿದವಳು ನನ್ನ ಮಗಳು. ಎಸ್, ಎ, ಎನ್, ಟಿ. “ಅಪ್ಪಾ, ನಮ್ಮ ಕಾರು ಸಂತ ಆಗೋಯ್ತು!”

ಯೋಚಿಸಿದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಈ ಕಾರು ಯಾರನ್ನೂ ಹಿಂದೆ ಹಾಕುವುದಿಲ್ಲ. ಆಟೋ ಅಡ್ಡ ಬಂದರೆ ದಾರಿ ಬಿಡುತ್ತದೆ, ಬಿಎಂಟಿಸಿ ಬಸ್ಸು ಕಂಡರೆ ತಲೆಬಾಗುತ್ತದೆ. ನಾನು ರಿಪೇರಿ ಮಾಡಿಸದ ಕಾರಣ ಎರಡು ಬೇಸಿಗೆಯಿಂದ ಏಸಿಯ ಸುಖವನ್ನೂ ತ್ಯಜಿಸಿದೆ. ಹಾರ್ನಂತೂ ಮೌನವ್ರತದಲ್ಲಿದೆ. ಹೆಸರಿನ ಪಕ್ಕದಲ್ಲಿದ್ದ ‘ಕ್ಸಿಂಗ್’ ಎಂಬ ಬಿರುದು ಹಿಂದಿನ ಮಾಲೀಕರ ಕಾಲದಲ್ಲೇ ಕಳಚಿತ್ತು. ಅದನ್ನು ಕ್ಸಿಂಗ್ ಎನ್ನಬೇಕೋ ಜಿಂಗ್ ಎನ್ನಬೇಕೋ ನಮ್ಮ ಬೀದಿಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಯಾರೂ ಅದಕ್ಕಾಗಿ ಅತ್ತಿರಲಿಲ್ಲ.

ಮಗಳು ಫೋನಿನಲ್ಲಿ ಹುಡುಕಿ ಇನ್ನೊಂದು ಸಂಗತಿ ಹೇಳಿದಳು. ಸ್ಯಾಂಟ್ರೋ ಎಂಬ ಹೆಸರು ಫ್ರಾನ್ಸಿನ ಸೇಂಟ್ ಟ್ರೊಪೇ ಎಂಬ ಕಡಲ ತೀರದ ಊರಿನಿಂದ ಬಂದದ್ದಂತೆ. ಅಂದರೆ ಹುಡುಗನ ಚೆಂಡು ಹೆಸರನ್ನು ಮುರಿದಿರಲಿಲ್ಲ, ಮೂಲಕ್ಕೆ ಕಳಿಸಿತ್ತು! 1998ರಲ್ಲಿ ಶಾರುಖ್ ಖಾನ್ ಜಾಹೀರಾತಿನಲ್ಲಿ ನಿಂತು ಮಾರಿದ, ಚೆನ್ನೈ ಪಕ್ಕದ ಶ್ರೀಪೆರಂಬುದೂರಿನಲ್ಲಿ ಹುಟ್ಟಿದ ಈ ಕಾರಿಗೆ ಕೊರಿಯಾದಲ್ಲಿ ಆಟೋಸ್ ಎಂದು ಹೆಸರಿತ್ತು. ಅಲ್ಲೇ ಕಿಯಾದವರ ಅಂಗಡಿಯಲ್ಲಿ ವಿಸ್ಟೋ. ಇಲ್ಲಿಂದ ಹಡಗು ಹತ್ತಿ ಮೆಕ್ಸಿಕೋದಲ್ಲಿ ಇಳಿದರೆ ಡಾಡ್ಜ್ ಆಟೋಸ್ ಆಗುತ್ತಿತ್ತು.

ಇದನ್ನೆಲ್ಲ ಕೇಳುತ್ತ ಜಗುಲಿಯಲ್ಲಿ ಹೂ ಕಟ್ಟುತ್ತಿದ್ದ ಅಮ್ಮ, “ಅದರಲ್ಲೇನು ಆಶ್ಚರ್ಯ? ಮದುವೆ ದಿನ ತಟ್ಟೇಲಿ ಅಕ್ಕಿ ಹರಡಿ, ನಿಮ್ಮಪ್ಪ ಉಂಗುರದಲ್ಲಿ ಹೊಸ ಹೆಸರು ಬರೆದರು. ಅಂದಿನಿಂದ ಅದೇ ನಾನು. ನನ್ನನ್ನೇನು ಕೇಳಿದ್ದರಾ?” ಎಂದಳು. ಅಮ್ಮನ ತವರಿನಲ್ಲಿ ಇವತ್ತಿಗೂ ಅವಳನ್ನು ಹಳೇ ಹೆಸರಿನಿಂದಲೇ ಕರೆಯುತ್ತಾರೆ. ಕರೆಯುವವರು ಈಗ ಇಬ್ಬರೇ ಉಳಿದಿದ್ದಾರೆ. ನಾನು ಮಾತು ಬದಲಿಸಿದೆ.

ಆಯುಧಪೂಜೆಗೆ ಮೂರು ವಾರವಿತ್ತು. ಹಬ್ಬದ ದಿನ ಮುರುಕು ಹೆಸರಿನ ಗಾಡಿ ನಿಲ್ಲಿಸುವುದು ಬೇಡವೆಂದು ಜೆ.ಸಿ. ರಸ್ತೆಗೆ ಹೋದೆ. ಜಯಚಾಮರಾಜೇಂದ್ರ ಒಡೆಯರ ಹೆಸರನ್ನೇ ಎರಡಕ್ಷರಕ್ಕೆ ಮುರಿದುಕೊಂಡು ಅರಗಿಸಿಕೊಂಡ ರಸ್ತೆ ಅದು. ರವೀಂದ್ರ ಕಲಾಕ್ಷೇತ್ರದಲ್ಲಿ ನಟರು ಬಣ್ಣ ಹಚ್ಚಿಕೊಳ್ಳುತ್ತಾರೆ, ಸುತ್ತಲಿನ ಅಂಗಡಿಗಳಲ್ಲಿ ಕಾರುಗಳು.

“ಬ್ಯಾಡ್ಜ್ ಬೇಕಿತ್ತು” ಎಂದೆ.

“ಯಾವ ಸ್ಕೂಲು ಸಾರ್?”

ವಿವರಿಸಿದ ಮೇಲೆ ಅಂಗಡಿಯವನು “ಓ, ಮೋನೋಗ್ರಾಮಾ!” ಎಂದು ಹಲಗೆಯೊಂದನ್ನು ಎಳೆದ. ಸಾಲುಸಾಲಾಗಿ ಹೆಸರುಗಳು ನೇತಾಡುತ್ತಿದ್ದವು. ಟರ್ಬೋ, ವಿಎಕ್ಸ್‌ಐ, ಫೋರ್ ಬೈ ಫೋರ್. ನನ್ನ ಕಣ್ಣೆದುರೇ ಒಬ್ಬರು ಫೋರ್ ಬೈ ಫೋರ್ ಕೊಂಡರು. ಅವರು ಬಂದಿದ್ದದ್ದು ಓಮ್ನಿಯಲ್ಲಿ.

ನನ್ನ ಮುಖ ನೋಡಿ ಅಂಗಡಿಯವನು ಸಮಾಧಾನ ಹೇಳಿದ. “ಫಿಯಟ್‌ನವರ 1.3 ಲೀಟರ್ ಡೀಸೆಲ್ ಎಂಜಿನ್ ಗೊತ್ತಲ್ಲ ಸಾರ್? ಫಿಯಟ್‌ನಲ್ಲಿದ್ದರೆ ಮಲ್ಟಿಜೆಟ್, ಮಾರುತಿಗೆ ಹೋದರೆ ಡಿಡಿಐಎಸ್, ಟಾಟಾಗೆ ಹೋದರೆ ಕ್ವಾಡ್ರಾಜೆಟ್. 2019ರಲ್ಲಿ ಬಲೇನೋಗೆ ಟೊಯೋಟಾ ಮೋನೋಗ್ರಾಮ್ ಅಂಟಿಸಿದರು, ಗ್ಲಾಂಜಾ ಆಯ್ತು. ಕಂಪನಿಯವರು ಮಾಡಿದರೆ ಬಿಸಿನೆಸ್ಸು, ನಾವು ಮಾಡಿದರೆ ಡೂಪ್ಲಿಕೇಟು!”

ಸ್ಯಾಂಟ್ರೋ ಸಿಕ್ಕಿತು, 180 ರೂಪಾಯಿ. “ನಿಮ್ಮದು ಜಿಎಲ್ಲಾ ಸಾರ್? ಇನ್ನೊಂದು 80 ಕೊಡಿ, ಮೇಲಿನ ಮಾಡೆಲ್ ಜಿಎಲ್‌ಎಸ್ ಮಾಡ್ಕೊಂಬಿಡಿ” ಎಂದ. ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಒಂದೇ ಹುದ್ದೆಯಲ್ಲಿ ಕೂತಿರುವ ನನಗೆ 80 ರೂಪಾಯಿಯ ಬಡ್ತಿ ಎಂದರೆ ಬಾಯಲ್ಲಿ ನೀರೂರದೆ ಇದ್ದೀತೆ? ಆದರೆ ಹಿಂದಿನ ಸೀಟಿನಲ್ಲಿ ಕೂತವರು ಕಿಟಕಿಯ ಹಿಡಿ ತಿರುಗಿಸಿದ ಕೂಡಲೇ ಗುಟ್ಟು ರಟ್ಟಾಗುತ್ತದೆಂದು ನೆನಪಾಗಿ ಬೇಡವೆಂದೆ.

“ಫಿಟ್ ಮಾಡಿಕೊಡ್ಲಾ? ಐದು ನಿಮಿಷ.”

ಇಲ್ಲಿಯೇ ನಾನು ಎಡವಿದ್ದು. ಮಗಳು ತೋರಿಸಿದ ವಿಡಿಯೋದಲ್ಲಿ ಒಬ್ಬ ಇದನ್ನು ಶಿಳ್ಳೆ ಹಾಕುತ್ತ ಮಾಡಿ ಮುಗಿಸಿದ್ದ. “ಬೇಡಪ್ಪಾ, ನಾನೇ ಮಾಡ್ಕೋತೀನಿ” ಎಂದುಬಿಟ್ಟೆ.

ಹಳೆಯ ಚೂರನ್ನು ಮೊದಲು ಕೀಳಬೇಕು. ಅದರ ಬೆನ್ನಿಗಿರುವುದು ಎರಡೂ ಕಡೆ ಅಂಟಿರುವ ಸ್ಪಂಜಿನಂಥ ಟೇಪು. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಆಗ ಹಿಂದಿನಿಂದ ದಾರ ತೂರಿಸಿ ಗರಗಸದ ಹಾಗೆ ಆಚೆಗೂ ಈಚೆಗೂ ಎಳೆಯಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಣ್ಣ ಕಿತ್ತು ಬರುತ್ತದೆ. ಮಗಳ ಹೇರ್ ಡ್ರೈಯರ್ ಬಂತು. ಹಾಲಿನಿಂದ ಎಕ್ಸ್‌ಟೆನ್ಷನ್ ವೈರು ಗೇಟಿನವರೆಗೆ ಬಂತು. ಎದುರುಮನೆ ರಾಯರೂ ಬಂದರು. “ಏನ್ರೀ, ಕಾರಿಗೆ ತಲೆಸ್ನಾನವೇ?” ಎಂದರು.

ವಿಡಿಯೋದವನು ಬಳಸಿದ್ದು ಹಲ್ಲಿನ ಸಂದು ಶುಚಿಮಾಡುವ ದಾರ. ನಮ್ಮ ಮನೆಯಲ್ಲಿ ಹಲ್ಲಿನ ಸಂದಿಗೆ ಬೆಂಕಿಕಡ್ಡಿಯೇ ಗತಿ. ಅಮ್ಮನ ಹೂವಿನ ದಾರ ಎರಡೇ ಎಳೆತಕ್ಕೆ ತುಂಡಾಯಿತು. ಹೊಲಿಗೆ ದಾರ ನಾಲ್ಕು ಎಳೆತಕ್ಕೆ. ಕೊನೆಗೆ ರಾಯರೇ ಒಳಗೆ ಹೋಗಿ ಗಾಳದ ನೈಲಾನ್ ದಾರ ತಂದುಕೊಟ್ಟರು. ಮೂವತ್ತು ವರ್ಷದಿಂದ ಪಕ್ಕಾ ಸಸ್ಯಾಹಾರಿಗಳೆಂದು ನಾವು ನಂಬಿದ್ದ ರಾಯರ ಮನೆಯಲ್ಲಿ ಗಾಳದ ದಾರ ಯಾಕಿತ್ತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

‘ಸಂತ’ ಕಳಚಿದ. ಅಡಿಯಲ್ಲಿ ಕಂಡದ್ದಕ್ಕೆ ನಾನು ಸಿದ್ಧನಿರಲಿಲ್ಲ. ಬಿಸಿಲಿಗೆ ಮಾಸಿ ಕಾರೆಲ್ಲ ಹಳೇ ಹೆಂಚಿನ ಬಣ್ಣಕ್ಕೆ ತಿರುಗಿದೆ. ಕೆಂಪು ಕಾರಿನ ಹಣೆಬರಹವೇ ಅಷ್ಟು. ಆದರೆ ಅಕ್ಷರಗಳ ಅಡಿಯಲ್ಲಿ ಬಿಸಿಲು ತಾಗದ ಜಾಗದಲ್ಲಿ, ಶೋರೂಮಿನಿಂದ ಬಂದ ದಿನದ ಆ ಕುಂಕುಮಗೆಂಪು ಹಾಗೇ ಇತ್ತು. ಹೆಸರು ಕಿತ್ತರೂ ಹೆಸರು ಹೋಗಿರಲಿಲ್ಲ. ಹಳ್ಳಿಯ ಅಜ್ಜಿಯರ ಮುಂಗೈ ಮೇಲಿನ ಹಚ್ಚೆಯಂತೆ ಆರಕ್ಷರವೂ ಸ್ಪಷ್ಟವಾಗಿ ಕಾಣುತ್ತಿದ್ದವು, ಮುರಿದುಹೋದ ಎರಡೂ ಸೇರಿ.

ಹಚ್ಚೆಯ ಮೇಲೆಲ್ಲ ಟೇಪಿನ ಅಂಟು. ಉಗುರಿಗೆ ಬಗ್ಗಲಿಲ್ಲ, ಸೋಪಿಗೆ ಜಗ್ಗಲಿಲ್ಲ. ಥಿನ್ನರ್ ಹಾಕಿದರೆ ಅಂಟಿನ ಜೊತೆ ಬಣ್ಣವೂ ಹೋಗುತ್ತದೆಂದು ರಾಯರು ಹೆದರಿಸಿದರು. ಅಮ್ಮ ಎದ್ದುಬಂದು ಬೆರಳಲ್ಲಿ ಮುಟ್ಟಿ ನೋಡಿ, “ಇದು ಹಲಸಿನ ಹಣ್ಣಿನ ಮೇಣ ಇದ್ದ ಹಾಗಿದೆ ಕಣೋ” ಎಂದು ಕೊಬ್ಬರಿ ಎಣ್ಣೆ ಬಾಟಲಿ ತಂದಳು. ಸವರಿ ಹತ್ತು ನಿಮಿಷ ಬಿಟ್ಟು ಹಳೇ ಬನಿಯನ್ನಿನಲ್ಲಿ ಉಜ್ಜಿದರೆ, ಮೇಣವೆಲ್ಲ ಉಂಡೆಯುಂಡೆಯಾಗಿ ಉರುಳಿ ಬಂತು! ವಿಡಿಯೋದವನಿಗೆ ಹಲಸಿನ ಹಣ್ಣು ಗೊತ್ತಿರಲಿಲ್ಲ, ಪಾಪ.

ಮಾಸ್ಕಿಂಗ್ ಟೇಪಿನಲ್ಲಿ ಗುರುತು ಮಾಡಿಕೊಂಡು, ಉಸಿರು ಬಿಗಿಹಿಡಿದು, ಹೊಸ ಹೆಸರನ್ನು ಒತ್ತಿದೆ. ಮಗಳು ಅದರ ಬೆನ್ನಿಗಿದ್ದ ಅಂಟು ಟೇಪಿನ ಲಕ್ಷಣ ಓದಿ ಹೇಳಿದಳು. ಇಪ್ಪತ್ತು ನಿಮಿಷಕ್ಕೆ ಅರ್ಧ ಹಿಡಿತ, 24 ಗಂಟೆಗೆ ನೂರಕ್ಕೆ ತೊಂಬತ್ತು, 72 ಗಂಟೆಗೆ ಪೂರ್ತಿ. ಮೂರು ದಿನ ನೀರು ಸೋಕಿಸದೆ, ಗಾಳಿಗೆ ಒಡ್ಡದೆ ಬಾಣಂತನ ಮಾಡಿದೆ. ನಾಲ್ಕನೆಯ ದಿನ ಗಾಂಧಿಬಜಾರಿನ ಮೊದಲ ಹಂಪಿನಲ್ಲಿ ಹೆಸರು ಇಡಿಯಾಗಿ ಉದುರಿತು. ಹಿಂದೆ ಬರುತ್ತಿದ್ದ ಸ್ಕೂಟರಿನವನು ಅದನ್ನು ಎತ್ತಿಕೊಂಡು, ಸಿಗ್ನಲ್‌ನಲ್ಲಿ ಕಿಟಕಿ ತಟ್ಟಿ, “ಸಾರ್, ನಿಮ್ಮ ಹೆಸರು ಬಿದ್ದೋಯ್ತು” ಎಂದು ಕೊಟ್ಟುಹೋದ.

ಕಾರಣ ಹೊಳೆಯಲು ರಾತ್ರಿಯಾಯಿತು. ಎಣ್ಣೆಗೆ ಬಗ್ಗಿದ ಅಂಟು ಎಣ್ಣೆಯ ಮೇಲೆ ಕೂರುವುದುಂಟೆ? ಎಣ್ಣೆ ಹಚ್ಚಿದ ಮೇಲೆ ಸೀಗೆಪುಡಿ ಹಾಕಬೇಕೆಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು, ನಾನು ಬನಿಯನ್ನಿನಲ್ಲಿ ಒರೆಸಿ ಬಿಟ್ಟಿದ್ದೆ. ಈ ಸಲ ಶಾಂಪೂ ಹಾಕಿ ತೊಳೆದು, ಮೆಡಿಕಲ್ ಸ್ಟೋರಿನಿಂದ ತಂದ ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿ, ಹೊಸ ಟೇಪನ್ನು ಬ್ಲೇಡಿನಿಂದ ಅಕ್ಷರದಳತೆಗೆ ಕತ್ತರಿಸಿ ಅಂಟಿಸಿದೆ. ‘ಎಸ್’ ಒಂದಕ್ಕೇ ಅರ್ಧ ಗಂಟೆ ಹಿಡಿಯಿತು. ಇಂಗ್ಲಿಷಿನಲ್ಲಿ ಇಷ್ಟು ಡೊಂಕು ಅಕ್ಷರ ಯಾಕಿದೆಯೆಂದು ಬೈದುಕೊಂಡೆ, ಕನ್ನಡದ್ದಾಗಿದ್ದರೆ ‘ಸ್ಯಾಂ’ ಕತ್ತರಿಸುವಷ್ಟರಲ್ಲಿ ನಿವೃತ್ತಿಯಾಗುತ್ತಿತ್ತೆಂದು ಹೊಳೆದು ಸುಮ್ಮನಾದೆ.

ಜೆ.ಸಿ. ರಸ್ತೆಯ ಅಕ್ಷರಗಳು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕವು. ಸುತ್ತ ಹಳೇ ಕುಂಕುಮಗೆಂಪು ಅಂಚುಕಟ್ಟಿದಂತೆ ಇಣುಕುತ್ತದೆ. ರಾಯರು ಅದನ್ನು ತ್ರೀಡಿ ಎಂದರು. ಹೊಗಳಿಕೆಯೆಂದು ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಆದರೂ ಮನೆಯಲ್ಲಿ ಯಾರೂ ಸ್ಯಾಂಟ್ರೋ ಎನ್ನುತ್ತಿರಲಿಲ್ಲ. “ಸಂತನ್ನ ನೆರಳಿಗೆ ನಿಲ್ಸಿ”, “ಸಂತಂಗೆ ಪೆಟ್ರೋಲ್ ಇದೆಯಾ?” ಪಂಕ್ಚರ್ ಅಂಗಡಿಯವನೂ “ಸಂತ ರೆಡಿ ಸಾರ್” ಎಂದು ಫೋನು ಮಾಡಿದ. ಪೊಲೀಸರಿಗೆ ಬೇಕಾದದ್ದು ನಂಬರು ಮಾತ್ರ. ಅದನ್ನು ಬಿಚ್ಚಲಾಗದ ಲಾಕು ಹಾಕಿ ಕೂರಿಸಿದ್ದಾರೆ. ಹೆಸರಿಗೆ ಅಂಥ ಲಾಕು ಇಲ್ಲ.

ಆಯುಧಪೂಜೆ ಬಂತು. ಕಾರು ತೊಳೆದು, ಮುಂದೆ ಬಾಳೆಕಂದು ಕಟ್ಟಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ತರಲು ಒಳಗೆ ಹೋದೆ. ಅಮ್ಮ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಕಾರಿನ ಹಿಂದೆ ಹೋಗಿದ್ದಳು. ನಾನು ಬರುವಷ್ಟರಲ್ಲಿ ಡಿಕ್ಕಿ ಬಾಗಿಲಿಗೆ ವಿಭೂತಿಯ ಮೂರು ಪಟ್ಟೆ ಬಿದ್ದಿತ್ತು. ಮಿಕ್ಕಿದ್ದ ಟೇಪಿನ ಚೂರಿನಿಂದ ಅಂಗೈಯಗಲದ ಹಳದಿ ಸೇವಂತಿಗೆಯೊಂದನ್ನು ಅಂಟಿಸಿ, ಇಪ್ಪತ್ತು ನಿಮಿಷಕ್ಕೆ ಅರ್ಧ ಹಿಡಿಯುತ್ತದೆಯಲ್ಲ ಎಂದು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ನಿಂತಿದ್ದಳು. ಹೂವು ಕೂತದ್ದು ಸರಿಯಾಗಿ ಕೊನೆಯ ಎರಡಕ್ಷರದ ಮೇಲೆ.